ಮೌಸಿನ ಹೊಟ್ಟೆಯೊಳಗಿನ ವೋಲ್ಟಾ



ಕಳೆದ ತಿಂಗಳು ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಏಳನೇ ತರಗತಿಯ ಮಕ್ಕಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುತ್ತಿದ್ದರು. ಅವರ ಕೈಯಲ್ಲಿದ್ದದ್ದು ಬಾಲವಿಲ್ಲದ ಮೌಸ್, ಅಂದರೆ ವೈರ್‌ಲೆಸ್ ಮೌಸ್. ಮನೆಯ ಗೋಡೆ ಬರೆದಾಗಿತ್ತು, ಇನ್ನು ಬಾಗಿಲು ಬರೆಯಬೇಕು. ಅಷ್ಟರಲ್ಲಿ ಪರದೆಯ ಮೇಲಿನ ಬಾಣದ ಗುರುತು ನಿಂತೇಬಿಟ್ಟಿತು! ಮೌಸನ್ನು ಎಷ್ಟು ಉಜ್ಜಿದರೂ ಅದು ಅಲುಗಲಿಲ್ಲ. ಒಬ್ಬ ಹುಡುಗ ಮೌಸನ್ನು ಮಗುಚಿ, ಮುಚ್ಚಳ ತೆಗೆದು, ಒಳಗಿದ್ದ ಸೆಲ್ಲನ್ನು ಹೊರಗೆ ತೆಗೆದ. ಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ ಎಂದು ಒಬ್ಬಳು ಹೇಳಿದಳು. ಹಲ್ಲಿನಿಂದ ಕಚ್ಚಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬ ಹೇಳಿ, ಬಾಯಿಗೆ ಇಟ್ಟೇಬಿಟ್ಟಿದ್ದ. ನಾನು ತಡೆದೆ.

ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಸೆಲ್ ನೋಡಲು ಹೊಸದರಂತೆಯೇ ಇದೆ. ಒಡೆದಿಲ್ಲ, ಸೋರಿಲ್ಲ. ಹಾಗಾದರೆ ಅದರೊಳಗಿದ್ದ ಕರೆಂಟು ಎಲ್ಲಿಗೆ ಹೋಯಿತು?

ಎಂಥ ಒಳ್ಳೆಯ ಪ್ರಶ್ನೆ ನೋಡಿ! ಇದರಲ್ಲಿ ಒಂದು ಸ್ವಾರಸ್ಯವಿದೆ. ಪ್ರಪಂಚದ ಮೊದಲ ಬ್ಯಾಟರಿಯನ್ನು ಮಾಡಿದ ವಿಜ್ಞಾನಿಗೇ ಈ ಪ್ರಶ್ನೆಯ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಆತನ ಹೆಸರು ಅಲೆಸ್ಸಾಂಡ್ರೊ ವೋಲ್ಟಾ. ಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಇರುತ್ತದಲ್ಲವೇ? ಆ ವೋಲ್ಟ್ ಎಂಬ ಮಾನಕ್ಕೆ ಈತನ ಹೆಸರನ್ನೇ ಇಟ್ಟಿದ್ದಾರೆ. ಬನ್ನಿ, ಆತನ ಕಥೆಯನ್ನು ತಿಳಿಯೋಣ. ಹುಡುಗಿಯ ಪ್ರಶ್ನೆಗೆ ಉತ್ತರವೂ ದಾರಿಯಲ್ಲೇ ಸಿಗುತ್ತದೆ.

ತಡವಾಗಿ ಮಾತು ಕಲಿತ ಮಗು

ಇಟಲಿ ದೇಶದ ಉತ್ತರ ಭಾಗದಲ್ಲಿ ಕೋಮೊ ಎಂಬ ಊರಿದೆ. ದೊಡ್ಡ ಸರೋವರದ ದಡದಲ್ಲಿರುವ ಸುಂದರ ಊರು ಅದು. 1745ರ ಫೆಬ್ರವರಿ 18ರಂದು ವೋಲ್ಟಾ ಅಲ್ಲಿ ಹುಟ್ಟಿದ. ನಾಲ್ಕು ವರ್ಷವಾದರೂ ಮಗುವಿಗೆ ಮಾತು ಬರಲಿಲ್ಲವಂತೆ. ಮನೆಯವರಿಗೆ ಚಿಂತೆ ಹತ್ತಿತ್ತು. ಆದರೆ ಏಳು ವರ್ಷ ತುಂಬುವ ಹೊತ್ತಿಗೆ ಆತ ತನ್ನ ಓರಗೆಯ ಮಕ್ಕಳನ್ನು ಹಿಡಿದುಬಿಟ್ಟ, ಆಮೇಲೆ ಹಿಂದೆ ಹಾಕಿದ. ಅದೇ ಸುಮಾರಿಗೆ ತಂದೆ ತೀರಿಕೊಂಡರು. ಬಂಧುಗಳೇ ಆತನ ವಿದ್ಯಾಭ್ಯಾಸದ ಹೊಣೆ ಹೊತ್ತರು.

ಹುಡುಗ ಕಾನೂನು ಓದಲಿ ಎಂಬುದು ಮನೆಯವರ ಆಸೆ. ಆದರೆ ಅವನ ಮನಸ್ಸು ವಿದ್ಯುತ್ತಿನ ಕಡೆಗೆ ಎಳೆಯಿತು. ಹದಿನೆಂಟರ ವಯಸ್ಸಿಗೇ ಆ ಕಾಲದ ದೊಡ್ಡ ವಿಜ್ಞಾನಿಗಳಿಗೆ ಪತ್ರ ಬರೆದು ತನ್ನ ವಿಚಾರಗಳನ್ನು ತಿಳಿಸುತ್ತಿದ್ದ. ಮನೆಯಲ್ಲಿ ಪ್ರಯೋಗಾಲಯ ಇರಲಿಲ್ಲ. ಗಟ್ಟೋನಿ ಎಂಬ ಗೆಳೆಯ ತನ್ನ ಪ್ರಯೋಗಾಲಯವನ್ನೂ ಉಪಕರಣಗಳನ್ನೂ ಬಳಸಲು ಬಿಟ್ಟುಕೊಟ್ಟ. ಒಳ್ಳೆಯ ಗೆಳೆಯನಿದ್ದರೆ ಎಷ್ಟು ಉಪಕಾರ, ನೋಡಿ!

ಆ ಕಾಲದಲ್ಲಿ ವಿದ್ಯುತ್ ಎಂದರೆ ಏನಿತ್ತು? ಈಗಿನಂತೆ ಗುಂಡಿ ಒತ್ತಿದರೆ ಬರುವ ವಿದ್ಯುತ್ ಇರಲಿಲ್ಲ. ಒಣಗಿದ ತಲೆಗೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುತ್ತದಲ್ಲ, ಅಂಥ ಉಜ್ಜಿ ಪಡೆಯುವ ವಿದ್ಯುತ್ ಮಾತ್ರ ಇತ್ತು. ಅದಕ್ಕೆ ಸ್ಥಾಯೀ ವಿದ್ಯುತ್ ಎನ್ನುತ್ತೇವೆ. ಅದು ಚಟ್ ಎಂದು ಕಿಡಿ ಹಾರಿಸಿ ಕ್ಷಣದಲ್ಲಿ ಮುಗಿದುಹೋಗುತ್ತಿತ್ತು. ಅದರಿಂದ ದೀಪ ಉರಿಸುವುದಾಗಲಿ, ಯಂತ್ರ ನಡೆಸುವುದಾಗಲಿ ಸಾಧ್ಯವಿರಲಿಲ್ಲ. ನಿಲ್ಲದೆ ಹರಿಯುವ ವಿದ್ಯುತ್ತನ್ನು ಯಾರೂ ಕಂಡಿರಲಿಲ್ಲ.

ಕೆಸರಿನಿಂದ ಬಂದ ಗುಳ್ಳೆಗಳು

ವೋಲ್ಟಾ 1774ರಲ್ಲಿ ತನ್ನ ಊರಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಮರುವರ್ಷ, ಒಮ್ಮೆ ಉಜ್ಜಿದರೆ ಮತ್ತೆ ಮತ್ತೆ ವಿದ್ಯುದಾವೇಶ ಕೊಡುವ ಎಲೆಕ್ಟ್ರೋಫೋರಸ್ ಎಂಬ ಉಪಕರಣವನ್ನು ಸುಧಾರಿಸಿ ಹೆಸರು ಗಳಿಸಿದ.

1776ರ ನವೆಂಬರಿನಲ್ಲಿ ಆತ ಮಜ್ಜೋರೆ ಎಂಬ ಸರೋವರಕ್ಕೆ ಹೋಗಿದ್ದ. ದಡದ ಕೆಸರನ್ನು ಕೋಲಿನಿಂದ ಕೆದಕಿದಾಗ ಗುಳ್ಳೆಗಳು ಮೇಲೆ ಬಂದವು. ಕೆರೆಯ ಕೆಸರಿನಲ್ಲಿ ಕಾಲಿಟ್ಟಾಗ ನೀವೂ ಇಂಥ ಗುಳ್ಳೆಗಳನ್ನು ನೋಡಿರುತ್ತೀರಿ. ವೋಲ್ಟಾ ನೋಡಿ ಸುಮ್ಮನಾಗಲಿಲ್ಲ. ಅವುಗಳನ್ನು ಸೀಸೆಯಲ್ಲಿ ಹಿಡಿದ. ಬೆಂಕಿ ತಾಗಿಸಿದಾಗ ಅದು ನೀಲಿ ಜ್ವಾಲೆಯಿಂದ ಉರಿಯಿತು. ಅದೇ ಮೀಥೇನ್ ಅನಿಲ. ಇಂದು ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಮುಖ್ಯವಾಗಿ ಇದೇ ಅನಿಲ.

ಮುಂದೆ ಆತ ಪಾವಿಯಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದ. ಪಾಠದ ಜೊತೆಗೆ ಪ್ರಯೋಗಗಳೂ ನಡೆಯುತ್ತಲೇ ಇದ್ದವು.

ಕಪ್ಪೆಯ ಕಾಲು ಕುಣಿಯಿತು

ಇಟಲಿಯ ಬೊಲೊನ್ಯಾ ಎಂಬ ಊರಿನಲ್ಲಿ ಲುಯಿಜಿ ಗಾಲ್ವಾನಿ ಎಂಬ ವೈದ್ಯ ವಿಜ್ಞಾನಿ ಇದ್ದ. ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹಗಳನ್ನು ತಾಗಿಸಿ, ಆ ಲೋಹಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಕಾಲು ಥಟ್ಟನೆ ಅದುರುವುದನ್ನು ಆತ ಕಂಡ. ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ ಇದೆ, ಲೋಹ ಅದಕ್ಕೆ ದಾರಿ ಮಾತ್ರ ಎಂದು ತೀರ್ಮಾನಿಸಿ 1791ರಲ್ಲಿ ಪ್ರಕಟಿಸಿದ.

ವೋಲ್ಟಾ ಇದನ್ನು ಓದಿದ. ಮೊದಲು ಒಪ್ಪಿಯೂ ಒಪ್ಪಿದ. ಆದರೆ ಓದಿ ಒಪ್ಪಿದ್ದನ್ನು ತಾನೂ ಮಾಡಿ ನೋಡುವುದು ಆತನ ಸ್ವಭಾವ. ಪ್ರಯೋಗ ಮಾಡುತ್ತಾ ಹೋದಂತೆ ಒಂದು ಸಂಶಯ ಹುಟ್ಟಿತು. ಎರಡೂ ಕಡೆ ಒಂದೇ ಲೋಹವನ್ನು ಬಳಸಿದರೆ ಕಾಲು ಚೆನ್ನಾಗಿ ಅದುರುತ್ತಿರಲಿಲ್ಲ. ಬೇರೆ ಬೇರೆ ಲೋಹಗಳಿದ್ದರೆ ಜೋರಾಗಿ ಅದುರುತ್ತಿತ್ತು. ಹಾಗಾದರೆ ವಿದ್ಯುತ್ ಬರುತ್ತಿರುವುದು ಕಪ್ಪೆಯಿಂದಲೋ, ಲೋಹಗಳಿಂದಲೋ?

ಕಪ್ಪೆಯನ್ನು ಬಿಟ್ಟು ನೋಡೋಣ ಎಂದು ಆತ ತನ್ನ ನಾಲಿಗೆಯನ್ನೇ ಉಪಕರಣ ಮಾಡಿಕೊಂಡ. ನಾಲಿಗೆಯ ತುದಿಗೆ ತವರದ ಹಾಳೆ, ಹಿಂಭಾಗಕ್ಕೆ ಬೆಳ್ಳಿಯ ನಾಣ್ಯ. ಎರಡನ್ನೂ ಮುಟ್ಟಿಸಿದೊಡನೆ ನಾಲಿಗೆಯ ಮೇಲೆ ಹುಳಿ ರುಚಿ! ಕಪ್ಪೆಯ ಕಾಲಿಲ್ಲದೆಯೂ ವಿದ್ಯುತ್ತಿನ ಪರಿಣಾಮ ಕಾಣಿಸಿತ್ತು. ಬೇಕಾಗಿದ್ದದ್ದು ಎರಡು ಬೇರೆ ಲೋಹ, ನಡುವೆ ಒಂದಿಷ್ಟು ತೇವ, ಅಷ್ಟೇ. ವಿದ್ಯುತ್ ಹುಟ್ಟುವುದು ಲೋಹಗಳಿಂದ, ಕಪ್ಪೆಯ ಕಾಲು ಅದನ್ನು ತೋರಿಸಿಕೊಡುತ್ತದೆ ಅಷ್ಟೇ ಎಂದು ಆತ ವಾದಿಸಿದ. ಈ ಸಂಶೋಧನೆಗಳಿಗಾಗಿ ಲಂಡನ್ನಿನ ರಾಯಲ್ ಸೊಸೈಟಿ 1794ರಲ್ಲಿ ಆತನಿಗೆ ಕೋಪ್ಲಿ ಪದಕ ನೀಡಿತು. ಅದೇ ವರ್ಷ ಆತನ ಮದುವೆಯೂ ಆಯಿತು.

ಗಾಲ್ವಾನಿ ಸುಮ್ಮನಿರಲಿಲ್ಲ. ಲೋಹವನ್ನೇ ಬಳಸದೆ, ನರವನ್ನು ಸ್ನಾಯುವಿಗೆ ನೇರವಾಗಿ ಮುಟ್ಟಿಸಿ ಕಾಲು ಅದುರುವುದನ್ನು ತೋರಿಸಿದ. ಯೂರೋಪಿನ ವಿಜ್ಞಾನಿಗಳು ಎರಡು ಪಂಗಡವಾದರು. ಈ ವಾದ ನಡೆಯುತ್ತಿರುವಾಗಲೇ 1798ರಲ್ಲಿ ಗಾಲ್ವಾನಿ ತೀರಿಕೊಂಡ. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಹುದ್ದೆಯನ್ನೂ ಕಳೆದುಕೊಂಡಿದ್ದ. ಇಂದು ನಮಗೆ ಗೊತ್ತಿದೆ, ನಮ್ಮ ನರಗಳಲ್ಲಿ ಸಂದೇಶ ಸಾಗುವುದು ವಿದ್ಯುತ್ತಿನ ರೂಪದಲ್ಲಿಯೇ. ಆದ್ದರಿಂದ ಗಾಲ್ವಾನಿ ಹೇಳಿದ್ದರಲ್ಲೂ ನಿಜವಿತ್ತು, ವೋಲ್ಟಾ ಹೇಳಿದ್ದರಲ್ಲೂ ನಿಜವಿತ್ತು.

ಬಿಲ್ಲೆಗಳ ಕಂಬ

ಒಂದು ಜೊತೆ ಲೋಹದಿಂದ ಸಿಗುವ ವಿದ್ಯುತ್ ತೀರಾ ಕಡಿಮೆ. ಅದನ್ನು ಹೆಚ್ಚಿಸುವುದು ಹೇಗೆ? ವೋಲ್ಟಾ ಸತು, ಸೀಸ, ತವರ, ಕಬ್ಬಿಣ, ತಾಮ್ರ, ಬೆಳ್ಳಿ ಹೀಗೆ ಲೋಹಗಳನ್ನು ಜೋಡಿಸಿ ಪರೀಕ್ಷಿಸುತ್ತಾ ಹೋದ. ಸತು ಮತ್ತು ಬೆಳ್ಳಿಯ ಜೋಡಿ ಚೆನ್ನಾಗಿ ಕೆಲಸ ಮಾಡಿತು.

ನಂತರ ಆತ ಮಾಡಿದ್ದು ಇಷ್ಟು. ನಾಣ್ಯದಂಥ ಒಂದು ಬೆಳ್ಳಿಯ ಬಿಲ್ಲೆ, ಅದರ ಮೇಲೆ ಒಂದು ಸತುವಿನ ಬಿಲ್ಲೆ, ಅದರ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟಿನ ಚೂರು. ಮತ್ತೆ ಬೆಳ್ಳಿ, ಸತು, ರಟ್ಟು. ಹೀಗೆ ದೋಸೆಗಳನ್ನು ಪೇರಿಸಿದಂತೆ ಪೇರಿಸುತ್ತಾ ಹೋದ. ಇಪ್ಪತ್ತು ಜೊತೆ ಆದಾಗ ಕೆಳಗಿನ ಮತ್ತು ಮೇಲಿನ ಬಿಲ್ಲೆಗಳನ್ನು ಒದ್ದೆ ಕೈಯಿಂದ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಕೈ ತೆಗೆದು ಮತ್ತೆ ಮುಟ್ಟಿದರೆ ಮತ್ತೆ ಶಾಕ್! ಉಜ್ಜಿ ಪಡೆದ ವಿದ್ಯುತ್ತಿನಂತೆ ಇದು ಒಂದೇ ಕಿಡಿಗೆ ಮುಗಿಯಲಿಲ್ಲ. ಹರಿಯುತ್ತಲೇ ಇತ್ತು. ಮಾನವ ಮೊದಲ ಬಾರಿಗೆ ನಿರಂತರ ವಿದ್ಯುತ್ ಪ್ರವಾಹವನ್ನು ಪಡೆದಿದ್ದ.

ಶಾಕ್ ಕೊಡುವ ಟಾರ್ಪಿಡೊ ಮೀನಿನ ದೇಹದಲ್ಲಿಯೂ ಹೀಗೆಯೇ ಪದರ ಪದರವಾದ ಅಂಗವಿದೆ. ತಾನು ಮಾಡಿದ್ದು ಅಂಥದೊಂದು ಕೃತಕ ಅಂಗ ಎಂದು ವೋಲ್ಟಾ ಭಾವಿಸಿದ. ತನ್ನ ಮೇಲೆಯೇ ಹಲವು ಪ್ರಯೋಗ ಮಾಡಿಕೊಂಡ. ಎರಡೂ ಕಿವಿಗಳಿಗೆ ಲೋಹದ ಕಡ್ಡಿ ಇಟ್ಟು ಕಂಬಕ್ಕೆ ಜೋಡಿಸಿದಾಗ ತಲೆ ಅದುರಿ, ಏನೋ ಕುದಿಯುವಂಥ ಸದ್ದು ಕೇಳಿಸಿತು. ಅಪಾಯವೆಂದು ತಿಳಿದು ಅದನ್ನು ಮತ್ತೆ ಮಾಡಲಿಲ್ಲ. ಮಕ್ಕಳೇ, ನೀವು ಇಂಥ ಪ್ರಯೋಗವನ್ನು ಎಂದೂ ಮಾಡಬಾರದು.

1800ರ ಮಾರ್ಚ್ 20ರಂದು ವೋಲ್ಟಾ ಕೋಮೊ ಊರಿನಿಂದ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರ ಬರೆದು ಈ ಕಂಬದ ವಿವರ ತಿಳಿಸಿದ. ಪತ್ರ ಲಂಡನ್ನಿನ ಸಭೆಯಲ್ಲಿ ಓದುವ ಮೊದಲೇ ಸುದ್ದಿ ಹಬ್ಬಿತು. ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಅಂಥದೇ ಕಂಬ ಕಟ್ಟಿ, ಮೇ ತಿಂಗಳಲ್ಲಿ ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆದೇಬಿಟ್ಟರು. 1807ರಲ್ಲಿ ಹಂಫ್ರಿ ಡೇವಿ ಇನ್ನೂ ದೊಡ್ಡ ಬ್ಯಾಟರಿ ಬಳಸಿ ಪೊಟಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಪಡೆದ. ಬಿಲ್ಲೆಗಳ ಕಂಬ ಹೊಸ ವಿಜ್ಞಾನದ ಬಾಗಿಲನ್ನೇ ತೆರೆದಿತ್ತು.

ಮೊದಲ ಬ್ಯಾಟರಿಯ ಆಯಸ್ಸು

ಆದರೆ ಈ ಕಂಬದಲ್ಲಿ ತೊಂದರೆಗಳೂ ಇದ್ದವು. ಬಿಲ್ಲೆಗಳ ಭಾರಕ್ಕೆ ಕೆಳಗಿನ ರಟ್ಟುಗಳಿಂದ ಉಪ್ಪುನೀರು ಹಿಂಡಿ ಹೊರಗೆ ಬರುತ್ತಿತ್ತು. ರಟ್ಟು ಒಣಗಿದರೆ ವಿದ್ಯುತ್ ನಿಲ್ಲುತ್ತಿತ್ತು. ನಿಮ್ಮ ಮೌಸಿನ ಸೆಲ್ ಎಷ್ಟು ದಿನ ಬರುತ್ತದೆ ಎಂದು ನೀವು ಚಿಂತಿಸುವಂತೆ, ಬ್ಯಾಟರಿಯ ಆಯಸ್ಸಿನ ಬಗ್ಗೆ ಮೊದಲು ಚಿಂತಿಸಿದವನೂ ವೋಲ್ಟಾನೇ!

ಆತ ಎರಡು ಉಪಾಯ ಮಾಡಿದ. ಒಂದು, ಕಂಬದ ಬದಲು ಉಪ್ಪುನೀರಿನ ಬಟ್ಟಲುಗಳನ್ನು ಸುತ್ತಲೂ ಇಟ್ಟು ಲೋಹದ ಪಟ್ಟಿಗಳಿಂದ ಸೇರಿಸಿದ. ಇದರಲ್ಲಿ ನೀರು ಬೇಗ ಒಣಗುತ್ತಿರಲಿಲ್ಲ. ಆದರೆ ಎತ್ತಿಕೊಂಡು ಓಡಾಡಲು ಆಗದು. ಇನ್ನೊಂದು, ಬಿಲ್ಲೆಗಳ ಕಂಬಕ್ಕೆ ಮೇಣ ಅಥವಾ ರಾಳವನ್ನು ಹಚ್ಚಿ ತೇವ ಆರದಂತೆ ಮುಚ್ಚಿದ. ಅಂಥ ಕಂಬಗಳು ವಾರಗಟ್ಟಲೆ ಕೆಲಸ ಮಾಡಿದವು. ಮುಚ್ಚಿದ ಕೊಳವೆಯೊಳಗೆ ತೇವವನ್ನು ಕಾಪಾಡುವ ಈ ವಿಚಾರವೇ ಇಂದಿನ ಸೆಲ್ಲಿನಲ್ಲೂ ಇದೆ.

ವೋಲ್ಟಾ ತಪ್ಪಿದ್ದು ಎಲ್ಲಿ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟುವುದರಿಂದಲೇ ವಿದ್ಯುತ್ ಹುಟ್ಟುತ್ತದೆ ಎಂದು ವೋಲ್ಟಾ ನಂಬಿದ್ದ. ಉಪ್ಪುನೀರಿನ ಕೆಲಸ ವಿದ್ಯುತ್ತಿಗೆ ದಾರಿ ಕೊಡುವುದು ಮಾತ್ರ. ಹಾಗಾದರೆ ರಟ್ಟು ಒಣಗದಿದ್ದರೆ ವಿದ್ಯುತ್ ಎಂದೆಂದಿಗೂ ಹರಿಯುತ್ತಿರಬೇಕಲ್ಲವೇ? ಇದು ವಿಚಿತ್ರವಾಗಿ ಕಾಣುತ್ತದೆಂದು ಆತನಿಗೂ ಅನ್ನಿಸಿತ್ತು. ಆದರೂ ತನ್ನ ನಂಬಿಕೆಯನ್ನು ಬಿಡಲಿಲ್ಲ. ಕಂಬ ಬಿಚ್ಚಿದಾಗ ಸತುವಿನ ಬಿಲ್ಲೆಗಳು ಕಂದಿ ಸವೆದಿರುತ್ತಿದ್ದವು. ಅದು ಮುಖ್ಯ ಸಂಗತಿಯೆಂದು ಆತನಿಗೆ ತೋರಲಿಲ್ಲ.

ಗಾಲ್ವಾನಿಯನ್ನು ಸಂಶಯದ ಕಣ್ಣಿನಿಂದ ನೋಡಿ ಗೆದ್ದ ವೋಲ್ಟಾ, ತನ್ನದೇ ವಿಚಾರವನ್ನು ಅದೇ ಕಣ್ಣಿನಿಂದ ನೋಡಲಿಲ್ಲ!

ಬೇರೆಯವರು ಆ ಸವೆದ ಸತುವನ್ನು ಗಮನಿಸಿದರು. 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆ ಅಳತೆ ಮಾಡಿ, ಎಷ್ಟು ಸತು ಕರಗುತ್ತದೋ ಅದಕ್ಕೆ ತಕ್ಕಷ್ಟೇ ವಿದ್ಯುತ್ ಸಿಗುತ್ತದೆ ಎಂದು ತೋರಿಸಿದ. ವಿದ್ಯುತ್ತನ್ನು ಕೊಡುವುದು ರಾಸಾಯನಿಕ ಕ್ರಿಯೆ. ಸತು ಬೇರೆ ವಸ್ತುವಾಗಿ ಬದಲಾಗುತ್ತಾ ಶಕ್ತಿಯನ್ನು ಕೊಡುತ್ತದೆ. ಒಲೆಯಲ್ಲಿ ಸೌದೆ ಬೂದಿಯಾಗುತ್ತಾ ಶಾಖ ಕೊಡುವುದಿಲ್ಲವೇ, ಹಾಗೆ. ಇದೇ ಫ್ಯಾರಡೆ 1814ರಲ್ಲಿ ಡೇವಿಯ ಸಹಾಯಕನಾಗಿ ಇಟಲಿಗೆ ಹೋಗಿದ್ದಾಗ ಮಿಲಾನ್ ನಗರದಲ್ಲಿ ವೃದ್ಧ ವೋಲ್ಟಾನನ್ನು ಕಂಡಿದ್ದ.

ಈಗ ತಿಳಿಯಿತೇ? ಬಿಂದಿಗೆಯಲ್ಲಿ ನೀರು ತುಂಬಿದಂತೆ ಸೆಲ್ಲಿನಲ್ಲಿ ಕರೆಂಟನ್ನು ತುಂಬಿರುವುದಿಲ್ಲ. ಒಳಗಿರುವುದು ಸತು ಮತ್ತು ಇತರ ರಾಸಾಯನಿಕಗಳು. ಅವು ಬದಲಾಗಿ ಮುಗಿದಾಗ ಸೆಲ್ಲಿನ ಆಯಸ್ಸು ಮುಗಿಯಿತು. ಬದಲಾದ ವಸ್ತು ಒಳಗೇ ಇರುವುದರಿಂದ ಸೆಲ್ ಹೊರಗಿನಿಂದ ಹಾಗೆಯೇ ಕಾಣುತ್ತದೆ. ಬಿಸಿಲಿಗಿಟ್ಟರೆ ಶಾಖಕ್ಕೆ ಸ್ವಲ್ಪ ಹೊತ್ತು ಚೇತರಿಸಿಕೊಂಡಂತೆ ಕಾಣಬಹುದು. ಆದರೆ ಮುಗಿದ ಸತು ಮರಳಿ ಬರುವುದಿಲ್ಲ. ಕಚ್ಚಿದರಂತೂ ಒಳಗಿನ ಕ್ಷಾರ ಸೋರಿ ಬಾಯಿ ಸುಡಬಹುದು.

ಕೊನೆಯ ದಿನಗಳು

1801ರಲ್ಲಿ ವೋಲ್ಟಾ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಮುಂದೆ ತನ್ನ ಪ್ರಯೋಗಗಳನ್ನು ಮಾಡಿ ತೋರಿಸಿ ಚಿನ್ನದ ಪದಕ ಪಡೆದ. ಮುಂದೆ ಕೌಂಟ್ ಎಂಬ ಪದವಿಯೂ ಬಂತು. 1819ರಲ್ಲಿ ನಿವೃತ್ತನಾಗಿ ಕೋಮೊ ಬಳಿಯ ಕಾಮ್ನಾಗೊ ಎಂಬ ಹಳ್ಳಿಯ ತನ್ನ ಮನೆಗೆ ಮರಳಿದ. 1827ರ ಮಾರ್ಚ್ 5ರಂದು 82ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಹಳ್ಳಿಗೆ ಈಗ ಕಾಮ್ನಾಗೊ ವೋಲ್ಟಾ ಎಂದೇ ಹೆಸರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿಜ್ಞಾನಿಗಳ ಸಮ್ಮೇಳನ ವೋಲ್ಟ್ ಎಂಬ ಮಾನವನ್ನು ಒಪ್ಪಿಕೊಂಡಿತು. 1899ರಲ್ಲಿ, ಕಂಬಕ್ಕೆ ನೂರು ವರ್ಷ ತುಂಬುವ ಸಂಭ್ರಮಕ್ಕೆ ಕೋಮೊದಲ್ಲಿ ನಡೆದ ಪ್ರದರ್ಶನಕ್ಕೆ ಬೆಂಕಿ ಬಿದ್ದು, ಆತ ಬಳಸಿದ್ದ ಅನೇಕ ಉಪಕರಣಗಳು ಸುಟ್ಟುಹೋದವು. ಆದರೆ ಆತನ ವಿಚಾರ ಸುಟ್ಟುಹೋಗಲಿಲ್ಲ.

ಮತ್ತೆ ಮೌಸಿನ ಕಡೆಗೆ

ವೋಲ್ಟಾನ ನಂತರ ಹಲವರು ಬ್ಯಾಟರಿಯ ಆಯಸ್ಸನ್ನು ಹೆಚ್ಚಿಸಿದರು. 1836ರಲ್ಲಿ ಡೇನಿಯಲ್, 1866ರಲ್ಲಿ ಲೆಕ್ಲಾಂಶೆ ಹೊಸ ಕೋಶಗಳನ್ನು ಮಾಡಿದರು. 1886ರಲ್ಲಿ ಗಾಸ್ನರ್ ದ್ರವ ಚೆಲ್ಲದ ಶುಷ್ಕಕೋಶವನ್ನು ತಂದ. 1950ರ ದಶಕದಲ್ಲಿ ಲೂಯಿಸ್ ಉರ್ರಿ ಹೆಚ್ಚು ಕಾಲ ಬಾಳುವ ಆಲ್ಕಲೈನ್ ಸೆಲ್ಲನ್ನು ರೂಪಿಸಿದ. ಮೌಸಿನಲ್ಲಿ ನಾವು ಸಾಮಾನ್ಯವಾಗಿ ಹಾಕುವುದು ಇದನ್ನೇ. ಇದರೊಳಗೂ ಸತು ಇದೆ, ಪುಡಿಯ ರೂಪದಲ್ಲಿ.

ಬಾಲವಿರುವ ಮೌಸಿಗೆ ಕಂಪ್ಯೂಟರೇ ವಿದ್ಯುತ್ ಕೊಡುತ್ತದೆ. ಬಾಲವಿಲ್ಲದ್ದಕ್ಕೆ ಸೆಲ್ಲೇ ಗತಿ. ಅದು ಕೆಳಗೆ ಬೆಳಕು ಚೆಲ್ಲಿ, ಪುಟ್ಟ ಸಂವೇದಕದಿಂದ ಸೆಕೆಂಡಿಗೆ ನೂರಾರು, ಸಾವಿರಾರು ಚಿತ್ರ ತೆಗೆದು, ತಾನು ಎತ್ತ ಸರಿದೆನೆಂದು ರೇಡಿಯೋ ಅಲೆಗಳಿಂದ ಕಂಪ್ಯೂಟರಿಗೆ ತಿಳಿಸುತ್ತದೆ. ಇಷ್ಟೆಲ್ಲಕ್ಕೂ ಒಂದೋ ಎರಡೋ ಸೆಲ್!

ಒಂದು ಲೆಕ್ಕ ಮಾಡೋಣ. ಸೆಲ್ಲಿನ ಸಾಮರ್ಥ್ಯ 2000 ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಳ್ಳಿ. ಬಳಸುವಾಗ ಮೌಸ್ 5 ಮಿಲಿಆಂಪಿಯರ್ ಎಳೆದರೆ, 2000 ÷ 5 = 400 ಗಂಟೆ. ದಿನಕ್ಕೆ 2 ಗಂಟೆ ಬಳಸಿದರೆ 200 ದಿನ, ಹೆಚ್ಚುಕಡಿಮೆ ಒಂದು ಶಾಲಾ ವರ್ಷ. ಆದರೆ ಬಳಸದಿದ್ದಾಗಲೂ ಎಚ್ಚರವಾಗಿಯೇ ಇದ್ದರೆ? ಬೇಗ ಮುಗಿಯುತ್ತದೆ. ಅದಕ್ಕೇ ಮೌಸ್ ಸ್ವಲ್ಪ ಹೊತ್ತು ಅಲುಗದಿದ್ದರೆ ತಾನೇ ನಿದ್ದೆ ಮಾಡುತ್ತದೆ. ಚೀಲದಲ್ಲಿ ಹಾಕಿಕೊಂಡು ನಡೆದರೆ ಕುಲುಕಾಟಕ್ಕೆ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಆದ್ದರಿಂದ:

• ಕೆಲಸ ಮುಗಿದ ಮೇಲೆ ಹೊಟ್ಟೆಯ ಕೆಳಗಿನ ಸ್ವಿಚ್ಚನ್ನು ಆರಿಸಿ.
• ಬೇಸಿಗೆ ರಜೆಗೆ ಮೊದಲು ಸೆಲ್ಲನ್ನು ತೆಗೆದಿಡಿ. ಇಲ್ಲದಿದ್ದರೆ ಸೋರಿ ಮೌಸ್ ಕೆಡಬಹುದು.
• ಬಾಣ ತಡವರಿಸಿ ಓಡತೊಡಗಿದರೆ ಸೆಲ್ ಮುಗಿಯುತ್ತಾ ಬಂದಿರಬಹುದು. ಬದಲಿ ಸೆಲ್ ಇಟ್ಟುಕೊಳ್ಳಿ.
• ಕಂಪ್ಯೂಟರ್ ಒಂದೇ ಮೇಜಿನ ಮೇಲಿದ್ದರೆ ಬಾಲವಿರುವ ಮೌಸೇ ಸಾಕು. ಓಡಾಡುತ್ತಾ ಪಾಠ ಮಾಡುವ ಗುರುಗಳಿಗೆ ಬಾಲವಿಲ್ಲದ್ದು ಅನುಕೂಲ.
• ಮುಗಿದ ಸೆಲ್ಲನ್ನು ಬೆಂಕಿಗಾಗಲಿ, ಕೆರೆಗಾಗಲಿ ಎಸೆಯಬೇಡಿ. ಶಾಲೆಯಲ್ಲಿ ಒಂದು ಡಬ್ಬಿಯಲ್ಲಿ ಕೂಡಿಟ್ಟು, ಮರುಬಳಕೆಗೆ ಸಂಗ್ರಹಿಸುವವರಿಗೆ ಕೊಡಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ರಸವಿರುವ 4 ನಿಂಬೆಹಣ್ಣು, ಸತು ಲೇಪಿಸಿದ 4 ಮೊಳೆ, ಉಜ್ಜಿ ಹೊಳಪಾಗಿಸಿದ ತಾಮ್ರದ ತಂತಿಯ 4 ತುಂಡು, ಜೋಡಿಸಲು ತಂತಿ, ಒಂದು ಪುಟ್ಟ ಕೆಂಪು ಎಲ್‌ಇಡಿ ದೀಪ.

ಪ್ರತಿ ಹಣ್ಣಿಗೂ ಒಂದು ಮೊಳೆ, ಒಂದು ತಾಮ್ರದ ತುಂಡನ್ನು ಒಂದಕ್ಕೊಂದು ತಾಗದಂತೆ ಚುಚ್ಚಿ. ಒಂದು ಹಣ್ಣಿನ ತಾಮ್ರವನ್ನು ಮುಂದಿನ ಹಣ್ಣಿನ ಮೊಳೆಗೆ ತಂತಿಯಿಂದ ಸೇರಿಸುತ್ತಾ ಹೋಗಿ. ಕೊನೆಯಲ್ಲಿ ಉಳಿದ ತಾಮ್ರಕ್ಕೆ ದೀಪದ ಉದ್ದನೆಯ ಕಾಲು, ಉಳಿದ ಮೊಳೆಗೆ ಗಿಡ್ಡ ಕಾಲು. ಕತ್ತಲು ಮಾಡಿ ನೋಡಿ. ದೀಪ ಮಂದವಾಗಿ ಮಿನುಗುತ್ತದೆಯೇ? ಮಿನುಗದಿದ್ದರೆ ಇನ್ನೊಂದು ಹಣ್ಣು ಸೇರಿಸಿ. ಪ್ರಯೋಗ ಮುಗಿದ ಹಣ್ಣನ್ನು ತಿನ್ನಬೇಡಿ. ಗೋಡೆಯ ಪ್ಲಗ್ಗಿನ ಹತ್ತಿರ ಈ ತಂತಿಗಳನ್ನು ಒಯ್ಯಲೇಬೇಡಿ.

ಮರುದಿನ ಮೊಳೆಗಳನ್ನು ಹೊರಗೆ ತೆಗೆದು, ಚುಚ್ಚದೆ ಉಳಿಸಿಕೊಂಡ ಹೊಸ ಮೊಳೆಯೊಂದರ ಪಕ್ಕದಲ್ಲಿಟ್ಟು ಹೋಲಿಸಿ. ಹಣ್ಣಿನೊಳಗಿದ್ದ ಭಾಗದ ಬಣ್ಣ ಹೇಗಾಗಿದೆ? ವೋಲ್ಟಾ ನೋಡಿಯೂ ಬಿಟ್ಟುಬಿಟ್ಟದ್ದು ಅದನ್ನೇ. ನೀವು ಬಿಡಬೇಡಿ. ನಿಮ್ಮ ಪುಸ್ತಕದಲ್ಲಿ ಬರೆದಿಡಿ.